ಹೊಳೆ ಕೊಟ್ಟ ದನಿ

ನಾನು ಮಾತನಾಡಿದರೆ ಮೂರು ಮನೆಯವರು ಬಾಗಿಲು ತೆಗೆದು ನೋಡುತ್ತಾರೆ. ಈ ವಯಸ್ಸಿನಲ್ಲೂ ಅಷ್ಟೇ. ಮೊಮ್ಮಕ್ಕಳು "ಅಜ್ಜಿ, ನಾವು ಇಲ್ಲೇ ಬಾಜೂಕ ಅದೇವಿ, ಮೆಲ್ಲಕ ಮಾತಾಡ" ಎಂದು ಕಿವಿ ಮುಚ್ಚಿಕೊಳ್ಳುತ್ತಾರೆ. ಅವರಿಗೆ ನನ್ನ ಉತ್ತರ ಒಂದೇ. ಈ ಗಂಟಲು ಕೊಟ್ಟದ್ದು ನನ್ನ ಊರಿನ ಹೊಳೆ, ತಕರಾರು ಇದ್ದರೆ ಅಲ್ಲಿಗೇ ಹೋಗಿ ಹೇಳಿರಿ.

ನಾನು ಹುಟ್ಟಿ ಬೆಳೆದದ್ದು ಗೋಕಾಕದ ಜಲಪಾತದ ಮಗ್ಗುಲಿಗೆ, ಗಿರಣಿ ಕೆಲಸಗಾರರ ಚಾಳಿನಲ್ಲಿ. ನಮ್ಮಪ್ಪ ನೂಲಿನ ಖಾತೆಯಲ್ಲಿ ಜಾಬರ್ ಆಗಿದ್ದ, ಅಂದರೆ ಹತ್ತಾರು ಕೆಲಸಗಾರರನ್ನು ನೋಡಿಕೊಳ್ಳುವವ. ಗಿರಣಿಯ ಭೋಂಗಾ ಕೂಗಿದಾಗ ನಾವು ಏಳುತ್ತಿದ್ದೆವು, ಕೂಗಿದಾಗ ಉಣ್ಣುತ್ತಿದ್ದೆವು. ಆದರೆ ಮಳೆಗಾಲದಲ್ಲಿ ಆ ಭೋಂಗಾ ಕೂಡ ಸೋತುಹೋಗುತ್ತಿತ್ತು.

ನಮ್ಮ ಮಳೆಗಾಲ ನಮ್ಮ ಆಕಾಶದಿಂದ ಬರುತ್ತಿರಲಿಲ್ಲ. ನೆತ್ತಿಯ ಮೇಲೆ ಬಿಸಿಲು ಬಿಸಿಲಾಗಿಯೇ ಇರುತ್ತಿತ್ತು. ಪಡುವಣ ಘಟ್ಟದಲ್ಲೆಲ್ಲೋ ಮಳೆ ಸುರಿದು, ಹೊಳೆ ಕೆಂಪಾಗಿ ತುಂಬಿ ಬಂದು ಬಂಡೆಯ ಮೇಲಿಂದ ಬೀಳುತ್ತಿತ್ತು. ಬೇಸಿಗೆ ಪೂರ್ತಿ ಆ ಬಂಡೆಯ ಮೇಲೆ ಒಂದೆರಡು ಎಳೆ ನೀರು ಮಾತ್ರ. ಮೃಗಶಿರಾ ಕಳೆದು ಯಾವುದೋ ಒಂದು ಮುಂಜಾನೆ ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಲ್ಲುತ್ತಿತ್ತು. "ಬಂತ ನೋಡ" ಎನ್ನುತ್ತಿದ್ದಳು. ಮೊದಲು ನೆಲದಲ್ಲಿ ಒಂದು ನಡುಕ, ಆಮೇಲೆ ಸದ್ದು. ಕಾಣದ ಊರಿನ ಮಳೆಯೂ ನಮ್ಮ ಪಾಲಿಗೆ ಬಂದೇ ಬರುತ್ತದೆ ಎಂದು ನಾನು ನಂಬಿದ್ದು ಆಗಲೇ. ಆ ನಂಬಿಕೆ ಇವತ್ತಿಗೂ ಹೋಗಿಲ್ಲ.

ಅಂದಿನಿಂದ ದಸರೆಯ ತನಕ ಚಾಳಿನಲ್ಲಿ ಮಾತು ಕೇಳಿಸುತ್ತಿರಲಿಲ್ಲ. ಸಣ್ಣವರನ್ನು ಕರೆಯಬೇಕೆಂದರೆ ಗಂಟಲು ಹರಿದುಕೊಳ್ಳುತ್ತಿದ್ದೆವು. ಹಿರಿಯರ ಮುಂದೆ ಮಾತ್ರ ಕಿರುಚುವ ಹಾಗಿರಲಿಲ್ಲ. ಅವರಿಗೆ ಚಪ್ಪಾಳೆ ತಟ್ಟಿ, ಅವರು ಇತ್ತ ತಿರುಗಿದ ಮೇಲೆ ಕೈಯಲ್ಲಿ ಹೇಳಬೇಕು. ಐದು ಬೆರಳು ಕೂಡಿಸಿ ಬಾಯಿಗೆ ತಂದರೆ ಊಟಕ್ಕೆ ಬನ್ನಿ ಎಂದು. ತಲೆಯ ಮೇಲೆ ಸೆರಗೆಳೆದ ಹಾಗೆ ಮಾಡಿದರೆ ಗಂಡನ ಮನೆ ಎಂದು. ಉಳಿದದ್ದನ್ನೆಲ್ಲ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದೆವು. ನಮ್ಮಲ್ಲಿ ನಾಲ್ಕು ವರ್ಷದ ಕೂಸಿಗೂ ತುಟಿ ಓದಲು ಬರುತ್ತಿತ್ತು.

ಅವ್ವನ ಅವ್ವ ಮೂಡಲಗಿಯವಳು. ಬಯಲು ಸೀಮೆಯ ಆ ಊರಿನಲ್ಲಿ ಮಾತಿಗೆ ಗಾಳಿಯ ಅಡ್ಡಿಯೂ ಇರಲಿಲ್ಲ. ಆಕೆ ಒಮ್ಮೆ ಆಷಾಢದಲ್ಲಿ ಬಂದು, ಅಪ್ಪ ಅವ್ವ ಮಾತನಾಡುವುದನ್ನು ಒಂದು ದಿನ ಪೂರ್ತಿ ನೋಡಿ, ಮೂಲೆಯಲ್ಲಿ ಕೂತು ಕಣ್ಣೀರು ಹಾಕಿದಳು. "ಯವ್ವಾ, ದಿನಾ ಹಿಂಗ ಜಗಳಾಡಿದ್ರ ಬಾಳೇವು ಹೆಂಗ ಆದೀತ?" ಅವ್ವ ಇದ್ದಷ್ಟೂ ಉಸಿರು ಹಾಕಿ ಕೂಗಿದಳು, "ಜಗಳಲ್ಲಬೇ, ಉಪ್ಪ ಕೇಳಾಕತ್ತಾರ!"

ನನ್ನನ್ನು ನೋಡಲು ಹುಕ್ಕೇರಿಯಿಂದ ಗಂಡಿನ ಕಡೆಯವರು ಬಂದದ್ದು ಚೈತ್ರದಲ್ಲಿ. ಜಲಪಾತ ಒಣಗಿತ್ತು, ಕನ್ಯೆ ಬಾಯಿ ತೆರೆಯುವ ಪದ್ಧತಿ ಇರಲಿಲ್ಲ. ನಾನು ತಲೆ ತಗ್ಗಿಸಿ ಕೂತು ಎದ್ದು ಒಳಗೆ ಹೋದೆ. ಭಾಳ ಶಾಂತ ಹುಡುಗಿ ಎಂದು ಅವರು ಒಪ್ಪಿಕೊಂಡು ಹೋದರು. ಅವರಿಗೆ ಮೋಸ ಮಾಡಿದ್ದು ನಾವಲ್ಲ, ಆ ಬೇಸಿಗೆ.

ಹುಕ್ಕೇರಿಯ ಮನೆಯ ಮುಂಭಾಗ ಅರಿವೆ ಅಂಗಡಿ, ಹಿಂಭಾಗ ನಮ್ಮ ವಾಸ. ನಡುವೆ ಒಂದು ಬಾಗಿಲು, ಅದಕ್ಕೊಂದು ಪರದೆ. ಮಾವನವರು ಬಸವಣ್ಣನ ಮಾರ್ಗದ ಕಟ್ಟುನಿಟ್ಟಿನ ಮನುಷ್ಯ. ಲಿಂಗಪೂಜೆ ಮುಗಿಸಿ ಗಾದಿಯ ಮೇಲೆ ಕೂತರೆ ಅವರ ಮಾತು ಎದುರಿಗಿದ್ದ ಗಿರಾಕಿಗೆ ಬಿಟ್ಟು ಬಾಜೂದವನಿಗೂ ಕೇಳಿಸುತ್ತಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದನ್ನು ಅವರು ಅಕ್ಷರಶಃ ನಂಬಿದ್ದರು. ಮಗನೂ ಹಾಗೆಯೇ. ಮದುವೆಯಾಗಿ ಒಂದು ತಿಂಗಳವರೆಗೆ ನನ್ನ ಗಂಡನ ದನಿ ಹೇಗಿದೆ ಎಂದೇ ನನಗೆ ಸರಿಯಾಗಿ ಗೊತ್ತಿರಲಿಲ್ಲ.

ಬಂದ ನಾಲ್ಕನೆಯ ದಿನವೇ ನಾನು ಮರ್ಯಾದೆ ತೋರಿಸಲು ಹೋಗಿ ಮರ್ಯಾದೆ ಕಳೆದೆ. ಮಾವನವರನ್ನು ಊಟಕ್ಕೆ ಕರೆಯಬೇಕಿತ್ತು. ಅಂಗಡಿ ತುಂಬ ಮಂದಿ. ಪರದೆ ಸರಿಸಿ ನಿಂತು ಎರಡು ಚಪ್ಪಾಳೆ ತಟ್ಟಿ, ಐದು ಬೆರಳು ಕೂಡಿಸಿ ಬಾಯಿಗೆ ತಂದೆ. ನಮ್ಮಲ್ಲಿ ಅದಕ್ಕಿಂತ ದೊಡ್ಡ ವಿನಯವಿಲ್ಲ. ಅಲ್ಲಿದ್ದವರಿಗೆ ಮಾತ್ರ ನಾನು ಭಿಕ್ಷೆ ಬೇಡಿದ ಹಾಗೆ ಕಂಡಿತು. ಯಾರೋ ಕಿಸಕ್ಕನೆ ನಕ್ಕರು. ಮಾವನವರು ಒಳಗೆ ಬಂದು, "ಈ ಮನಿಯೊಳಗ ಯಾರಿಗೂ ಉಪವಾಸ ಕೆಡವಿಲ್ಲವಾ" ಎಂದರು, ಪಿಸುಮಾತಿನಲ್ಲಿ. ನೆಲ ಬಾಯಿ ಬಿಟ್ಟರೆ ಸಾಕು ಎನ್ನಿಸಿತು. ಅಂದಿನಿಂದ ಕೈ ಬಿಟ್ಟು ಬಾಯಿಯಲ್ಲೇ ಮಾತನಾಡಿದೆ. ಅದು ಇನ್ನೂ ಕೆಟ್ಟದಾಯಿತು.

ಆ ಮನೆಯಲ್ಲಿ ಸದ್ದು ಮಾಡುತ್ತಿದ್ದ ಇನ್ನೊಬ್ಬರೆಂದರೆ ಅತ್ತೆ. ಅವರು ಮಾತನಾಡುತ್ತಿದ್ದುದು ಕಡಿಮೆ, ಆದರೆ ಕೊಡ ಇಟ್ಟರೆ ಧಡ್ ಎನ್ನುತ್ತಿತ್ತು, ರೊಟ್ಟಿ ಬಡಿದರೆ ಗೋಡೆ ಅದುರುತ್ತಿತ್ತು. ಕರೆದರೆ ಒಮ್ಮೊಮ್ಮೆ ತಿರುಗಿಯೂ ನೋಡುತ್ತಿರಲಿಲ್ಲ. ಭಾಳ ಸೆಡವಿನಾಕಿ ಎಂದು ಓಣಿಯಲ್ಲೆಲ್ಲ ಹೆಸರು. ನಾನು ಮಾತನಾಡುವಾಗ ಮಾತ್ರ ನೆಟ್ಟ ಕಣ್ಣಿನಿಂದ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನನ್ನ ದೊಡ್ಡ ಬಾಯಿಯನ್ನು ಹೀಗೆ ಅಣಕಿಸುತ್ತಿದ್ದಾರೆ ಎಂದು ನನಗೆ ಒಳಗೊಳಗೇ ಸಿಟ್ಟು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ, ನೋಡೋಣ ಎಂದುಕೊಳ್ಳುತ್ತಿದ್ದೆ.

ಎರಡನೆಯ ವರ್ಷದ ಮಳೆಗಾಲ. ಹುಕ್ಕೇರಿಯಲ್ಲಿ ಮಳೆ ಸಣ್ಣಗೆ ಹೆಂಚಿನ ಮೇಲೆ ಬಿದ್ದು ಸುಮ್ಮನೆ ಹರಿದು ಹೋಗುತ್ತಿತ್ತು. ಸದ್ದಿಲ್ಲದ ಮಳೆ ನನಗೆ ಉಪ್ಪಿಲ್ಲದ ಸಾರಿನ ಹಾಗೆ. ಅಂಥ ಒಂದು ದಿನ, ಯಾವುದೋ ದೊಡ್ಡ ಮನೆತನದವರು ಮದುವೆಯ ಜವಳಿಗೆ ಅಂಗಡಿಯಲ್ಲಿ ಕೂತಿದ್ದರು. ನಾನು ಒಲೆಯ ಮುಂದಿದ್ದ ಅತ್ತೆಗೆ ಹಿತ್ತಲ ಬಾಗಿಲಿನಿಂದ ಕೂಗಿದೆ, "ಅತ್ತಿಯಾರ, ಮಾವಾರಿಗೆ ರೊಟ್ಟಿ ಮೆತ್ತಗ ಮಾಡ್ರಿ, ಹಲ್ಲ ಅಲ್ಲಾಡಾಕತ್ತಾವಂತ!"

ಅಂಗಡಿಯಲ್ಲಿ ನಗೆಯ ಮೇಲೆ ನಗೆ. ಸಂಜೆ ಮಾವನವರು ಅಂಗಡಿ ಮುಚ್ಚಿ ಬಂದು, ನೆಲ ನೋಡುತ್ತಾ ಹೇಳಿದರು. "ಪಂಚಮಿಗೆ ತವರಿಗೆ ಹೋಗವಾ. ಮೆಲ್ಲಕ ಮಾತಾಡೂದು ಕಲತ ಮ್ಯಾಲ ಹೇಳಿ ಕಳಸು. ಕರಕೊಂಡ ಬರಾಕ ಮಂದಿ ಬರತಾರ."

ಪಂಚಮಿಗೆ ಹೋದ ಹೆಣ್ಣುಮಗಳನ್ನು ಕರೆಯಲು ಗಂಡನ ಮನೆಯಿಂದ ಯಾರೂ ಬರಲಿಲ್ಲವೆಂದರೆ ಅದರ ಅರ್ಥ ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಅದೂ ಮೆಲ್ಲಗೆ ಮಾತನಾಡುವುದನ್ನು ಕಲಿಯಲು ನನ್ನನ್ನು ಕಳಿಸುತ್ತಿದ್ದುದು ಶ್ರಾವಣದಲ್ಲಿ, ತುಂಬಿದ ಜಲಪಾತದ ಬಾಯಿಗೆ! ಅಳು ಬರದೆ ಇದ್ದಿದ್ದರೆ ನಗುತ್ತಿದ್ದೆ. ಗಂಡ "ಅಪ್ಪಾರ ಮಾತಿಗೆ ಎದರ ಮಾತ ಹೆಂಗ ಆಡ್ಲಿ?" ಎಂದು ಗೋಡೆಗೆ ಹೇಳಿದರು.

ಮರುದಿನ ಮುಂಜಾನೆ ಸಿಟ್ಟಿನಲ್ಲಿ ನಾನು ತಾಮ್ರದ ಕೊಡ ಎತ್ತುವಾಗ ಅದು ಕೈ ಜಾರಿ, ಅತ್ತೆಯ ಬೆನ್ನ ಹಿಂದೆ ಕಲ್ಲಿನ ಮೇಲೆ ಬಿತ್ತು. ಅಂಗಡಿಯಿಂದ ಮಾವನವರು ಓಡಿ ಬಂದರು. ಅತ್ತೆ ತಿರುಗಲಿಲ್ಲ. ಕಾಳು ಆರಿಸುತ್ತಲೇ ಇದ್ದರು. "ನೋಡ ಸೆಡವು" ಎಂದು ಗೊಣಗಿ ಮಾವನವರು ಹೋದರು. ನಾನು ಮಾತ್ರ ನಿಂತಲ್ಲೇ ನಿಂತೆ. ನನ್ನ ಬಾಯಿಯನ್ನೇ ನೋಡುವ ಅವರ ಆ ನೆಟ್ಟ ಕಣ್ಣನ್ನು ನಾನು ಎಲ್ಲಿ ನೋಡಿದ್ದೆ ಎಂಬುದು ಆಗ ಹೊಳೆಯಿತು. ಆಷಾಢದಲ್ಲಿ ನಮ್ಮ ಚಾಳಿನ ಪ್ರತಿಯೊಬ್ಬರ ಕಣ್ಣೂ ಹಾಗೆಯೇ ಇರುತ್ತಿತ್ತು.

ಅತ್ತೆಯ ಎದುರಿಗೆ ಹೋಗಿ ಕೂತು, ದನಿಯೇ ಇಲ್ಲದೆ, ಬರೀ ತುಟಿ ಆಡಿಸಿ ಕೇಳಿದೆ. "ಅತ್ತಿಯಾರ, ನಿಮಗ ಕೇಳಸೂದಿಲ್ಲೇನ್ರಿ?"

ಅವರ ಕೈಯಲ್ಲಿದ್ದ ಮೊರ ನಿಂತಿತು. ಅಂಗಡಿಯ ಪರದೆಯತ್ತ ಒಮ್ಮೆ ನೋಡಿ ಹೇಳಿದರು. "ಹೊರಗಿನವರಿಗೆ ಸೆಡವು ಕಂಡ್ರ ಕಾಣಲಿ. ಕಿವಿ ಹ್ವಾದಾಕಿ ಅಂತ ತಿಳದ್ರ ಮೂಲ್ಯಾಗ ಕುಂಡ್ರಸ್ತಾರ, ಮನಿ ಕೀಲಿಕೈ ಕಸಗೊಂತಾರ. ಯಾರ ಮುಂದೂ ಹೇಳಬ್ಯಾಡ." ಆಮೇಲೆ ತಲೆ ತಗ್ಗಿಸಿ, "ಉಳದವರದು ಬರೇ ತುಟಿ ಆಡತಾವ. ಎದುರಿಗೆ ನಿಂತ ಒದರಿದ್ರ ನಿನ್ನ ದನಿ ಒಂದ ನನಗ ಮುಟ್ಟತೈತಿ" ಎಂದರು.

ಕೊರಳಿನ ಲಿಂಗ ಮುಟ್ಟಿ ಮಾತು ಕೊಟ್ಟೆ. ಕೊಟ್ಟ ಮೇಲೆ ನನ್ನ ಪಾಡು ತಿಳಿಯಿತು. ಇದೊಂದು ಮಾತು ಮಾವನವರಿಗೆ ಹೇಳಿದ್ದರೆ ನನ್ನ ಕೂಗಿಗೊಂದು ಕಾರಣ ಸಿಕ್ಕಿ ನಾನು ಆ ಮನೆಯಲ್ಲಿ ಉಳಿಯುತ್ತಿದ್ದೆ, ಅತ್ತೆ ಮೂಲೆ ಸೇರುತ್ತಿದ್ದರು. ಹೇಳದಿದ್ದರೆ ನಾನೇ ಹೋಗಬೇಕು. ಬಾಯಿಬಡಕಿ ಎಂದು ಹೆಸರಾದ ನಾನು ಬಾಯಿ ಮುಚ್ಚಿಕೊಂಡೆ. ಪಂಚಮಿಗೆ ಎರಡು ದಿನ ಮುಂಚೆ ಅಪ್ಪ ಚಕ್ಕಡಿ ತಂದಾಗ ಅತ್ತೆ ನನ್ನ ಉಡಿ ತುಂಬಿದರು.

ತವರಿನಲ್ಲಿ ಜೋಕಾಲಿ ಆಡಿದೆ, ಅಳ್ಳು ತಂಬಿಟ್ಟು ತಿಂದೆ. ಜಲಪಾತ ಬಾನೆತ್ತರ ಹೊಗೆ ಎಬ್ಬಿಸುತ್ತಿತ್ತು. ಮೊದಲ ಎಂಟು ದಿನ ನನ್ನ ಗಂಟಲಿಗೆ ಹಬ್ಬ, ಮೆಲ್ಲಗೆ ಮಾತನಾಡೆಂದು ಹೇಳುವವರು ಯಾರೂ ಇರಲಿಲ್ಲ. ಆಮೇಲೆ ಶ್ರಾವಣದ ಸೋಮವಾರಗಳು ಒಂದೊಂದಾಗಿ ಮುಗಿದವು. ನೀರಿಗೆ ಹೋದರೆ ಚಾಳಿನ ಹೆಂಗಸರು ತಲೆಯ ಮೇಲೆ ಸೆರಗೆಳೆದ ಹಾಗೆ ಮಾಡಿ ಹುಬ್ಬು ಎತ್ತುತ್ತಿದ್ದರು. ಗಂಡನ ಮನೆಗೆ ಎಂದು? ಕಿವುಡಿಯ ಹಾಗೆ ನಟಿಸಲೂ ಆಗದು, ಅದು ಕಣ್ಣಿಗೆ ಕೇಳಿದ ಪ್ರಶ್ನೆ. ಅವ್ವ ಮಾತ್ರ ಏನೂ ಕೇಳಲಿಲ್ಲ. ಅದೇ ನನಗೆ ಹೆಚ್ಚು ನೋವಾಯಿತು. ಚೌತಿಯೂ ಬಂದು ಹೋಯಿತು. ಮಾತು ಕೊಟ್ಟು ಕೆಟ್ಟೆ, ಹೇಳಿಬಿಡಬೇಕಿತ್ತು ಎಂದು ಹೊಳೆಗೆ ಕೇಳುವ ಹಾಗೆ ಒಬ್ಬಳೇ ಒದರಿದೆ. ಹೊಳೆ ತನ್ನ ಪಾಡಿಗೆ ತಾನು ಬೀಳುತ್ತಿತ್ತು.

ಚೌತಿಯಾದ ಐದಾರು ದಿನಕ್ಕೆ ಮಧ್ಯಾಹ್ನ ಚಾಳಿನ ಮುಂದೆ ಚಕ್ಕಡಿ ನಿಂತಿತು. ಇಳಿದವರು ನನ್ನ ಗಂಡ. ಅವರ ಹಿಂದೆ, ಇಳಕಲ್ಲ ಸೀರೆಯ ನೆರಿಗೆ ಹಿಡಿದುಕೊಂಡು, ಅತ್ತೆ! ಸೊಸೆಯನ್ನು ಕರೆಯಲು ಅತ್ತೆ ತಾನೇ ಬಂದದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ನಡೆದದ್ದನ್ನು ಗಂಡ ನನ್ನೊಬ್ಬಳನ್ನೇ ಹೊಳೆಯ ದಂಡೆಗೆ ಕರೆದು ಹೇಳಿದರು, ಹೇಳಲು ಅವರೂ ಮೊದಲ ಸಲ ಗಂಟಲು ಹರಿದುಕೊಳ್ಳಬೇಕಾಯಿತು. ನಾನು ಹೋದ ಮೇಲೆ ಮನೆಯಲ್ಲಿ ಏನು ನಡೆಯುತ್ತಿದೆ ಎಂಬುದೇ ಅತ್ತೆಗೆ ತಿಳಿಯದಾಯಿತಂತೆ. ಒಂದು ತಿಂಗಳು ತಡೆದರು. ಒಂದು ಮುಂಜಾನೆ ಪರದೆ ಸರಿಸಿ, ಗಿರಾಕಿಗಳ ಎದುರಿಗೇ ಗಾದಿಯ ಮೇಲೆ ಕೀಲಿಕೈ ಗೊಂಚಲು ಇಟ್ಟು ಹೇಳಿದರಂತೆ. "ನನಗ ಕಿವಿ ಕೇಳಸೂದಿಲ್ಲ, ನಾಕ ವರ್ಷಾತು. ಆಕೀಗೆ ಗೊತ್ತಿತ್ತು, ಆಕಿ ಹೇಳಲಿಲ್ಲ. ಬೇಕಾದ್ರ ಕೀಲಿಕೈ ಇಟಗೋರಿ, ಸೊಸೀನ ಕರಕೊಂಡ ಬರಾಕ ನಾನ ಹೊಂಟೇನಿ."

ನಾನು ಅತ್ತೆಯ ಕೈ ಹಿಡಿದು ಜಲಪಾತದ ಬಂಡೆಯ ಹತ್ತಿರ ಕರೆದುಕೊಂಡು ಹೋದೆ. ತುಂತುರು ಮುಖಕ್ಕೆ ಹೊಡೆಯಿತು. ಅವರು ಒಮ್ಮೆಲೇ ನಿಂತು, ಎದೆಯ ಮೇಲೆ ಅಂಗೈ ಇಟ್ಟುಕೊಂಡರು. "ಕೇಳಸಾಕತ್ತೈತಿ!" ಎಂದರು. ಅವರ ಕಣ್ಣಿನ ನೀರನ್ನೂ ಹೊಳೆಯ ತುಂತುರನ್ನೂ ಬೇರೆ ಮಾಡಲು ನನಗೆ ಆಗಲಿಲ್ಲ. ನನಗಂತೂ ಅಳು ತಡೆಯಲಿಲ್ಲ.

ಮೂರು ದಿನ ಇದ್ದರು. ಕಟ್ಟೆಯ ಮೇಲೆ ಚಾಳಿನ ಹೆಂಗಸರ ನಡುವೆ ಕೂತು, ಕೈಯಲ್ಲಿ, ತುಟಿಯಲ್ಲಿ, ಜೋರು ದನಿಯಲ್ಲಿ ಮಾತಿಗೆ ಮಾತು. ಹುಕ್ಕೇರಿಯಲ್ಲಿ ಅವರು ನಕ್ಕದ್ದನ್ನು ನಾನು ನೋಡಿರಲಿಲ್ಲ. ಹೊರಡುವ ದಿನ ಅವ್ವ ನನ್ನ ಕಿವಿಯ ಹತ್ತಿರ ಬಾಯಿ ತಂದು ಕೂಗಿದಳು, "ಎಂಥಾ ಮಾತಗಾತಿ ನಿಮ್ಮತ್ತಿ! ಯಾರ ಅಂದ್ರ ಆಕೀನ ಸೆಡವಿನಾಕಿ ಅಂತ?" ಅವರಿಗೆ ಕಿವಿ ಕೇಳಿಸುವುದಿಲ್ಲ ಎಂಬುದು ಆ ಮೂರು ದಿನ ಅವ್ವನಿಗೆ ಗೊತ್ತೇ ಆಗಿರಲಿಲ್ಲ.

ಘಟಪ್ರಭಾ ಸ್ಟೇಷನ್ನಿನ ಹತ್ತಿರ ಎತ್ತು ಬಿಟ್ಟು ಬುತ್ತಿ ಉಂಡು, ಹುಕ್ಕೇರಿ ಮುಟ್ಟಿದಾಗ ಇನ್ನೂ ಹೊತ್ತು ಇತ್ತು. ಅಂದು ಸಂತೆ, ಅಂಗಡಿ ತುಂಬಿತ್ತು. ಮಾವನವರು ಗಾದಿಯ ಮೇಲಿದ್ದರು, ಕೀಲಿಕೈ ಗೊಂಚಲು ಅತ್ತೆ ಇಟ್ಟಲ್ಲೇ ಇತ್ತು, ಅವರು ಮುಟ್ಟಿರಲಿಲ್ಲ. ಅತ್ತೆ ಚಕ್ಕಡಿಯಿಂದ ಇಳಿದು, ಯಾರನ್ನೂ ನೋಡದೆ, ತಲೆ ತಗ್ಗಿಸಿ ಬಾಜೂ ಬಾಗಿಲಿನತ್ತ ಹೊರಟರು.

ಮಾವನವರು ಗಜದ ಕೋಲು ಕೆಳಗಿಟ್ಟು ಎದ್ದು ನಿಂತರು. ಗಿರಾಕಿಗಳನ್ನು ಒಮ್ಮೆ ನೋಡಿದರು, ಕೆಮ್ಮಿದರು. ಆಮೇಲೆ ಜನ್ಮದಲ್ಲಿ ಎಂದೂ ಎತ್ತದ ದನಿ ಎತ್ತಿ, ಸಂತೆಯ ಆ ತುದಿಗೆ ಕೇಳುವ ಹಾಗೆ ಹೆಂಡತಿಗೆ ಕೂಗಿದರು.

"ದಾರ್‍ಯಾಗ ಉಂಡೀಯೇನ?"

ಅತ್ತೆ ತಿರುಗಿದರು.