ಗಿನ್ಕಜ್ಜಿಯ ಪಾತಿ

ಮರಿತ್ಸಾ ನದಿಯ ಮಂಜು ಇನ್ನೂ ಸಂತೆಕಟ್ಟೆಯ ಮೇಲೆ ತೂಗುತ್ತಿರುವಾಗಲೇ ಗಿನ್ಕಜ್ಜಿ ಮೂಲಂಗಿಯ ಬುಟ್ಟಿ ಇಳಿಸಿ, ಅರ್ಧ ನಿದ್ದೆಯಲ್ಲೇ, ತೀರ ಚೊಕ್ಕಟವಾಗಿ ಕಂಡ ಗೆಡ್ಡೆಗಳಿಗೆ ಬೆರಳಿನಿಂದ ಒಂದಿಷ್ಟು ಮಣ್ಣು ಸವರುತ್ತಿದ್ದಳು. ಮಣ್ಣಿಲ್ಲದ ಮೂಲಂಗಿ ಕಂಡರೆ ಆ ಊರಿನವರು ನಿನ್ನೆಯದೆಂದು ಮೂಗು ಮುರಿಯುತ್ತಾರೆ. ವ್ಯಾಪಾರ ಬಲ್ಲ ಅಜ್ಜಿ ಅದಕ್ಕೆ ಅವಕಾಶ ಕೊಡುವವಳಲ್ಲ. "ಅಂಗಿಗೆ ಒರೆಸ್ಕೊಂಡು ಕಚ್ಚು ಮಗಾ, ತೊಳೆದ್ರೆ ರುಚಿಯೆಲ್ಲ ಹೊಳೆ ಪಾಲಾಗುತ್ತೆ" ಎಂದು ಗಿರಾಕಿಯ ಬಾಯಿಗೇ ಹಿಡಿಯುತ್ತಿದ್ದಳು. ಹಿತ್ತಿಲ ಕಕ್ಕಸು ಗುಂಡಿಯ ಗೊಬ್ಬರ ಉಂಡ ಆ ಗೆಡ್ಡೆಗಳು ಮುಷ್ಟಿಗಾತ್ರ ಬೆಳೆಯುತ್ತಿದ್ದವು. ಅವಳ ತೂಕಡಿಕೆಯ ಕನಸಿನಲ್ಲಿ ಕುಂಬಳಗಾತ್ರವಾಗಿ ನದಿಯ ಮೇಲೆ ಮೆಲ್ಲಗೆ ತೇಲುತ್ತಿದ್ದವು. ಹೋದ ವಸಂತದಲ್ಲಿ ನಾಲ್ಕು ವರ್ಷದ ಮೊಮ್ಮಗಳು ವಿಲಿನಾಳ ಹೊಟ್ಟೆ ತಮಟೆಯಂತೆ ಬಿಗಿದು, ಗೇಣುದ್ದದ ಜಂತುಹುಳಗಳು ಬಿದ್ದವು. "ಯಾರದೋ ಹೊಟ್ಟೆಯಿಂದ ಗುಂಡಿಗೆ, ಗುಂಡಿಯಿಂದ ನಿಮ್ಮ ಪಾತಿಗೆ, ಮೂಲಂಗಿ ಮಣ್ಣಿನ ಜೊತೆ ಇನ್ಯಾರದೋ ಬಾಯಿಗೆ. ಹುಳದ ಮೊಟ್ಟೆ ಕಣ್ಣಿಗೆ ಕಾಣಲ್ಲ ಅಜ್ಜಿ, ಮಣ್ಣಲ್ಲಿ ವರ್ಷಗಟ್ಟಲೆ ಕಾದು ಕೂತಿರುತ್ತೆ" ಎಂದಳು ಡಾಕ್ಟರಮ್ಮ. ಸಂತೆಯಲ್ಲಿ ಯಾರಿಗೂ ಸೋಲದ ಅಜ್ಜಿ ಮಣ್ಣು ಸವರುವ ತನ್ನ ಬೆರಳುಗಳನ್ನೇ ನೋಡಿಕೊಂಡಳು. ಮಾತ್ರೆ ನುಂಗಿದ ಮಗು ಚೇತರಿಸಿಕೊಂಡಿತು. ಈ ವಸಂತದಲ್ಲಿ ಅಜ್ಜಿಯ ಬುಟ್ಟಿಯ ತುಂಬ ಕೆಂಪು ಟ್ಯೂಲಿಪ್ ಹೂಗಳು. ಅವು ಎಲ್ಲರ ಹಿತ್ತಿಲಲ್ಲೂ ಅರಳುವುದರಿಂದ ಕೊಳ್ಳುವವರು ಕಡಿಮೆ. ಅವಳಿಗೆ ತೂಕಡಿಸಲು ಬಿಡುವು ಹೆಚ್ಚು. ಪಕ್ಕದಲ್ಲಿ ಚೀಸ್ ಮಾರುವ ಪೆಂಚೋ ಕೆಣಕುತ್ತಾನೆ: "ಅಂಥಾ ಕೊಬ್ಬಿದ ಪಾತಿಗೆ ಹೂ ನೆಟ್ಟಿದೀಯಲ್ಲಜ್ಜಿ, ಇದನ್ನ ಉಪ್ಪು ಹಚ್ಕೊಂಡು ಯಾರು ತಿಂತಾರೆ?" ಅಜ್ಜಿ ಕಣ್ಣು ತೆರೆಯದೆಯೇ ಹೇಳುತ್ತಾಳೆ: "ಯಾರೂ ತಿನ್ನಲ್ಲ ಅಂತ್ಲೇ ನೆಟ್ಟಿದೀನಿ ಕಣೋ."