ಸರೋಜಕ್ಕನ ಕೈಗುಣ ಮತ್ತು ಥರ್ಮಲ್ ಪೇಸ್ಟ್

ಮುಂಬೈ ಫೋರ್ಟಿನ ಆ ಉಡುಪಿ ಹೋಟೆಲಿನಲ್ಲಿ ಇಂದಿಗೂ ಹೇಳುವ ಕಥೆ ಇಷ್ಟು: ಕ್ಯಾಶಿಯರ್ ಸರೋಜಕ್ಕನನ್ನು ಕೌಂಟರಿನಿಂದ ಎಬ್ಬಿಸಿದರು, ಬಿಲ್ಲಿಂಗ್ ಕಂಪ್ಯೂಟರ್ ಸರಿಹೋಯಿತು. ಎರಡೂ ನಡೆದದ್ದು ಒಂದೇ ದಿನ. ಅಷ್ಟರ ಮಟ್ಟಿಗೆ ಕಥೆ ನಿಜ. ಆದರೆ ಒಂದರ ಹಿಂದೆ ಇನ್ನೊಂದು ಬಂದ ಮಾತ್ರಕ್ಕೆ ಮೊದಲನೆಯದೇ ಕಾರಣ ಎನ್ನುವವರನ್ನು ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ನಾವು ಎರಡನೇ ಸುತ್ತಿಗೂ ಬಿಡುತ್ತಿರಲಿಲ್ಲ.

ಕಳೆದ ವರ್ಷ, ನವರಾತ್ರಿ ಮುಗಿದ ವಾರ. ಕುರ್ಲಾದ ಕಂಪ್ಯೂಟರ್ ರಿಪೇರಿ ಅಂಗಡಿಯೊಂದರಲ್ಲಿ ನಾನು ಫೀಲ್ಡ್ ಟೆಕ್ನಿಶಿಯನ್. ಹೋಟೆಲಿನ ದೂರು: ಮಧ್ಯಾಹ್ನ ಊಟದ ಗದ್ದಲದಲ್ಲಿ ಕಂಪ್ಯೂಟರ್ ತಾನಾಗಿ ಬಂದ್ ಆಗುತ್ತದೆ.

ಧಣಿ ನನ್ನನ್ನೂ ನನ್ನ ಚೀಲವನ್ನೂ ನೋಡಿ, "ಗಂಡಸರು ಯಾರೂ ಇರಲಿಲ್ಲವಾ ಅಂಗಡಿಯಲ್ಲಿ?" ಎಂದರು.

"ಅದಾರ್ರೀ. ಅವರಿಗೆ ಸಣ್ಣ ಕೆಲಸ ಕೊಟ್ಟಾರ."

ಧಣಿಯ ತೀರ್ಪು ಆಗಲೇ ಸಿದ್ಧವಿತ್ತು. ಮಧ್ಯಾಹ್ನ ಕೂರುವುದು ಸರೋಜಕ್ಕ, ಸಂಜೆ ಕೂರುವುದು ಧಣಿಯ ಅಕ್ಕನ ಮಗ ಉದಯ. ಯಂತ್ರ ಕೈಕೊಡುವುದು ಆಕೆ ಕೂತಾಗ ಮಾತ್ರ. "ಅವಳ ಕೈಗುಣ ಮಾರಾಯ್ತಿ. ನಾಳೆಯಿಂದ ಒಳಗೆ ತರಕಾರಿ ಹೆಚ್ಚಲಿ."

ಹತ್ತೊಂಬತ್ತು ವರ್ಷ ಅದೇ ಕುರ್ಚಿಯಲ್ಲಿ ಕೂತಿದ್ದ ಸರೋಜಕ್ಕ, "ನಾನು ಎಂತ ಮಾಡಿದ್ದು? ಬಟನ್ ಒತ್ತಿದ್ದು ಬಿಟ್ಟರೆ?" ಎಂದು ಗೊಣಗಿದರು.

"ನಾಳೆ ಯಾಕ್ರೀ? ಇವತ್ತೇ ಉದಯ ಕೂಡ್ಲಿ," ಎಂದೆ.

ಉದಯ ಹನ್ನೆರಡೂ ನಲವತ್ತಕ್ಕೆ ಕೂತ. ಬಿಲ್ಲು, ಆನ್‌ಲೈನ್ ಆರ್ಡರ್, ಸಿಸಿಟಿವಿ, ಎಲ್ಲ ಅದೇ ಯಂತ್ರದ ತಲೆಯ ಮೇಲೆ; ಸಂಜೆ ಇಷ್ಟು ಹೊರೆ ಇರುವುದಿಲ್ಲ. ಒಂದೂ ಐದಕ್ಕೆ ಪರದೆ ಕಪ್ಪಾಯಿತು.

"ಬೆಳಿಗ್ಗೆ ಅವಳು ಮುಟ್ಟಿದ್ದಳಲ್ಲ!" ಎಂದರು ಧಣಿ. ಇದನ್ನೂ ವಾದ ಎನ್ನಬೇಕಂತೆ.

ಮತ್ತೆ ಚಾಲೂ ಮಾಡಿ, ಯಂತ್ರದ ಒಳಸ್ಥಿತಿ ತೋರಿಸುವ ಬಯೋಸ್ ಪರದೆ ತೆರೆದರೆ ಪ್ರೊಸೆಸರಿನ ಶಾಖ 97 ಡಿಗ್ರಿ. ಇಷ್ಟು ಬಿಸಿಯಾದರೆ, ಚಿಪ್ ಸುಟ್ಟುಹೋಗದಿರಲೆಂದು ಮದರ್‌ಬೋರ್ಡ್ ತಾನೇ ಕರೆಂಟ್ ಕಡಿಯುತ್ತದೆ. ಕೂಲರ್ ಬಿಚ್ಚಿದೆ. ಪ್ರೊಸೆಸರಿಗೂ ಕೂಲರಿಗೂ ನಡುವೆ ಥರ್ಮಲ್ ಪೇಸ್ಟ್ ಎಂಬ ಬೂದು ಲೇಪ ಇರಬೇಕು. ಕಣ್ಣಿಗೆ ಕಾಣದ ಸಂದುಗಳನ್ನು ತುಂಬಿ ಶಾಖವನ್ನು ಕೂಲರಿಗೆ ದಾಟಿಸುವುದು ಅದೇ. ಹಳತಾದರೆ ಒಣಗಿ ಪುಡಿಯಾಗುತ್ತದೆ. ಇಲ್ಲಿ ಪುಡಿಯೂ ಇಲ್ಲ. ಎರಡೂ ಕಡೆ ತೊಳೆದಿಟ್ಟ ಸ್ಟೀಲ್ ತಟ್ಟೆಯ ಹೊಳಪು.

"ಇದನ್ನ ಒರೆಸಿದವರು ಯಾರು?"

"ಮೈನೇ ಹೀ ಕಿಯಾ, ನಾನೇ," ಎಂದ ಉದಯ, ಹೆಮ್ಮೆಯಿಂದ. "ಆಯುಧಪೂಜೆಗೆ ಎಲ್ಲ ಕ್ಲೀನ್ ಮಾಡ್ತೇವಲ್ಲ? ಗ್ರೈಂಡರ್, ಕಾಫಿ ಮೆಶಿನ್, ಇದು ಕೂಡ. ಒಳಗೆ ಎಂತದೋ ಗಂದಾ, ಬೂದು ಕೊಳೆ ಇತ್ತು. ತಿಕ್ಕಿ ತಿಕ್ಕಿ ತೆಗೆದೆ."

ಧಣಿ ಸೀಲಿಂಗ್ ಫ್ಯಾನ್ ನೋಡಿದರು. ಸರೋಜಕ್ಕ ಧಣಿಯನ್ನು ನೋಡಿದರು.

ಸ್ಪಿರಿಟ್‌ನಿಂದ ಒರೆಸಿ, ಬಟಾಣಿಯಷ್ಟು ಹೊಸ ಪೇಸ್ಟ್ ಇಟ್ಟು, ಕೂಲರಿನ ನಾಲ್ಕು ಸ್ಕ್ರೂಗಳನ್ನು ಮೂಲೆಯಿಂದ ಮೂಲೆಗೆ ಸಮನಾಗಿ ಬಿಗಿದೆ. ಮರುದಿನ ಮಧ್ಯಾಹ್ನ ಪರೀಕ್ಷೆಗೆಂದೇ ಮತ್ತೆ ಹೋದೆ. ಊಟದ ಗದ್ದಲ ಮುಗಿಯುವವರೆಗೂ ಶಾಖ 62 ದಾಟಲಿಲ್ಲ. ಕೌಂಟರಿನಲ್ಲಿ ಉದಯನಿದ್ದ. ಸರೋಜಕ್ಕ ಒಳಗೆ ಬೀನ್ಸ್ ಹೆಚ್ಚುತ್ತಿದ್ದರು.

ರಿಪೇರಿ ಮಾಡಿದರೆ ಸಾಲದು, ಕಾರಣವನ್ನು ಬರೆದು ಸಹಿ ಹಾಕಿಸಿಕೊಳ್ಳಬೇಕು. ಈ ವೃತ್ತಿ ನನಗೆ ಕಲಿಸಿದ್ದು ಅದು. ಜಾಬ್ ಶೀಟಿನಲ್ಲಿ ದೊಡ್ಡಕ್ಷರದಲ್ಲಿ ಬರೆದೆ: 'ಪೂಜೆಯ ಸ್ವಚ್ಛತೆಯಲ್ಲಿ ಉದಯ ಥರ್ಮಲ್ ಪೇಸ್ಟ್ ಒರೆಸಿ ತೆಗೆದದ್ದು.' ಧಣಿ ಓದಿದರು, ಸಹಿಯನ್ನೂ ಹಾಕಿದರು.

"ಇರಲಿ ಬಿಡು ಮಾರಾಯ್ತಿ. ಈಗ ಸರಿ ಉಂಟಲ್ಲ?"

"ಮಶೀನ್ ಸರಿ ಐತ್ರೀ. ಸರೋಜಕ್ಕನ್ನ ಕುರ್ಚಿಗೆ ಯಾವಾಗ ಕರೀತೀರಿ?"