ಲಾಲಮ್ಮ ಮಲಗಿದ ಕಲ್ಲು

“ಮಮ್ಮಿ, ಲಾಲಮ್ಮ ಆಯಿ ಬಿಸಲಾಗ ಕಲ್ಲಿನ ಮ್ಯಾಲ ಯಾಕ ಮಲ್ಕೊಂಡಾಳ?”

ಮಗಳು ಲುಂಬಿನಿ ಓಡಿ ಬಂದು ಕೇಳಿದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಹಂಚು ಇಳಿಸಿ, ಹಿಟ್ಟಿನ ಕೈಯಲ್ಲೇ ಹೋದೆ. ಎದುರು ಮನೆಯ ಛತ್ತನ್ನು ಆಗಲೇ ಬಿಚ್ಚಿದ್ದರು. ಬಯಲಾದ ಪಡಸಾಲೆಯ ನೆಲದ ಮೇಲೆ, ಸೆರಗನ್ನು ಮುಖಕ್ಕೆಳೆದುಕೊಂಡು ಲಾಲಮ್ಮ ಮಲಗಿದ್ದಳು. ಪಕ್ಕದಲ್ಲಿ ಮನೆ ಕೆಡವುವ ಕೆಲಸಕ್ಕೆ ಬಂದ ಮೆಹತಾಬ್ ಕಬ್ಬಿಣದ ಹಾರೆ ಹಿಡಿದು ಏನು ಮಾಡಬೇಕೆಂದು ತೋಚದೆ ನಿಂತಿದ್ದ. ನೆಲದ ಹಳೆಯ ಫರಸಿಕಲ್ಲುಗಳನ್ನು ಕೊಂಡವನ ಟ್ರ್ಯಾಕ್ಟರ್ ಬಾಗಿಲಲ್ಲೇ ಗುರುಗುಡುತ್ತಿತ್ತು.

ನಮ್ಮ ಭಂಕೂರಿನ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಲಾಲಮ್ಮ ಜಗಳದವಳಲ್ಲ. ಮಕ್ಕಳು ಸಾರು ಚೆಲ್ಲಿದರೂ “ನೆಲಕ್ಕೂ ಹಸಿವಿ ಆಗಿತ್ತೇನೋ” ಎಂದು ನಗುವವಳು. ವಾಡಿ ಊರಿಗೆ ಮದುವೆಯಾಗಿ ಹೋಗಿದ್ದಳು. ಗಂಡ ತೀರಿದ ಮೇಲೆ ತವರಿಗೆ ಬಂದು ತಂದೆ ಮಾಣಿಕಪ್ಪ, ತಾಯಿ ರಮಾಬಾಯಿಯ ಮುಪ್ಪನ್ನು ನೋಡಿಕೊಂಡಳು. ಇಬ್ಬರೂ ಒಂದೇ ವರ್ಷದಲ್ಲಿ ಹೋದರು. ಈಗ ತಮ್ಮ ಸುರೇಶಕುಮಾರ ಹಳೆಯ ಮನೆ ಕೆಡವಿ ಹೊಸದು ಕಟ್ಟಿಸುತ್ತಿದ್ದಾನೆ. ಅದು ಮುಗಿಯುವವರೆಗೆ ಅಕ್ಕ ಸೇಡಂನ ಅವನ ಬಾಡಿಗೆ ಮನೆಯಲ್ಲಿರಬೇಕು. ಎಲ್ಲದಕ್ಕೂ ಅವಳು ಹೂಂ ಅಂದಿದ್ದಳು. ಈ ಒಂದು ಕಲ್ಲಿಗೆ ಮಾತ್ರ ಇಲ್ಲ.

ಮಾಣಿಕಪ್ಪ ಗಣಿಯಲ್ಲಿ ಕಲ್ಲು ಸೀಳುತ್ತಿದ್ದವನು. ಬಾಬಾಸಾಹೇಬರ ಜಯಂತಿ ಬಂತೆಂದರೆ ಮಕ್ಕಳಿಗೆ ಹೊಸ ಬಟ್ಟೆ ತೊಡಿಸಿ, ಈ ಉದ್ದನೆಯ ಫರಸಿಯ ಮೇಲೆ ಒಬ್ಬೊಬ್ಬರನ್ನೇ ಮಲಗಿಸುತ್ತಿದ್ದ. ಅಂಗಾಲು ಗೋಡೆಗೆ ತಾಗಿಸಿ, ನೆತ್ತಿ ಮುಟ್ಟಿದಲ್ಲಿ ಉಳಿಯಿಂದ ಗೆರೆ ಕೆತ್ತುತ್ತಿದ್ದ. ಬೇರೆಯವರು ಮಕ್ಕಳ ಎತ್ತರವನ್ನು ಗೋಡೆಯ ಮೇಲೆ ಗುರುತು ಮಾಡಿದರೆ, ಅವನು ನೆಲದಲ್ಲಿ ಮಾಡಿದ.

“ಅಕ್ಕಾ, ಏಳು. ಗಾಡಿಯವ ಬೈಲಿಕತ್ತಾನ. ಮೊಬೈಲ್‌ನಾಗ ಫೋಟೊ ತಗೊಂಡೀನಲ್ಲ?” ಎಂದ ಸುರೇಶ.

“ನಿನ್ನ ಮೊದಲಿನ ಮೊಬೈಲ್ ಕಾಗಿಣಾ ಹೊಳ್ಯಾಗ ಬಿತ್ತಲ್ಲೋ. ಅದನ್ನ ನಂಬ್ಲೇನು?”

ಮೆಹತಾಬ್ ಕಿಸಕ್ಕೆಂದ. ಸುರೇಶ ನಗಲಿಲ್ಲ.

“ಎಲ್ಲಾ ಕಲ್ಲು ಕೊಡ್ತೀನಂತ ಜಬಾನ್ ಕೊಟ್ಟೀನಿ. ಓಣಿ ಮಂದಿ ಮುಂದ ನನ್ನ ಮರ್ಯಾದಿ ತೆಗಿಬ್ಯಾಡ.”

“ದೇವಿಂದ್ರನ ಗುರ್ತು ಇದೊಂದೇ ಅದ, ಸುರೇಶ.”

“ಯಾವ ಗುರ್ತು?”

ಲಾಲಮ್ಮ ಎದ್ದು ಕೂತಳು. “ಈ ಅಂಚಿನವು ನನ್ನವು. ಆ ಅಂಚಿನವು ನಿನ್ನವು. ನಡುವಿನ ಸಾಲು ಅವಂದು.”

ಲಾಲಮ್ಮನ ಬೆನ್ನಿಗೆ ಹುಟ್ಟಿದ ತಮ್ಮ ದೇವಿಂದ್ರ ಜ್ವರದಿಂದ ತೀರಿಕೊಂಡಾಗ ಸುರೇಶ ತೊಟ್ಟಿಲಲ್ಲಿದ್ದ. ಆ ಹುಡುಗನ ಒಂದು ಫೋಟೊ ಕೂಡ ಇಲ್ಲ. ತಾಯಿ ಅಳುತ್ತಾಳೆಂದು ಮನೆಯಲ್ಲಿ ಯಾರೂ ಅವನ ಹೆಸರೆತ್ತುತ್ತಿರಲಿಲ್ಲ.

“ನಾ… ಅಪ್ಪ ಉಳಿ ಹರಿತ ನೋಡ್ಲಿಕ್ಕ ಕೆತ್ತ್ಯಾನಂತ ತಿಳ್ಕೊಂಡಿದ್ದೆ” ಎಂದ ಸುರೇಶ. ಕುಕ್ಕರಗಾಲಲ್ಲಿ ಕೂತು, ಗೋಡೆಯ ಬುಡದಿಂದ ನಡುವಿನ ಸಾಲಿನ ಕೊನೆಯ ಗೆರೆಯವರೆಗೆ ಗೇಣು ಹಾಕಿ ಅಳೆದ. ಅದು ಸುರೇಶನ ಪುಟ್ಟ ಮಗನ ಎತ್ತರಕ್ಕೂ ಬರಲಿಲ್ಲ. ಎದ್ದವನೇ ಬಾಗಿಲ ಕಡೆ ಕೂಗಿದ: “ಇಂಜಿನ್ ಬಂದ್ ಮಾಡಪ್ಪಾ! ಈ ಕಲ್ಲು ಕೊಡಂಗಿಲ್ಲ.”

ಆದರೆ ಕಲ್ಲನ್ನು ಅಲ್ಲೇ ಬಿಡುವಂತಿರಲಿಲ್ಲ. ಬೆಳಗಾದರೆ ಪಾಯ ತೋಡಲು ಜೆಸಿಬಿ ಬರುತ್ತಿತ್ತು. ಮೆಹತಾಬ್ ಸುತ್ತಿಗೆಯಿಂದ ಕಲ್ಲನ್ನು ಉದ್ದಕ್ಕೂ ತಟ್ಟುತ್ತ ಹೋದ. ಟಣ್ ಎನ್ನುತ್ತಿದ್ದುದು ಒಂದು ಅಂಚಿನಲ್ಲಿ ದಬ್ಬೆಂದಿತು.

“ಇಲ್ಲಿ ಬಿರುಕು ಅದ ಅಕ್ಕಾ. ಎಬ್ಬಿಸಿದ್ರ ಹೋಳಾಗ್ತದ.”

“ಯಾರ ಗುರ್ತಿನ ಕಡಿ?” ಎಂದಳು ಲಾಲಮ್ಮ.

“ನಿಮ್ಮ ಕಡಿ. ಬಿರುಕು ನಡುತನಕ ಬಂದದೋ ಇಲ್ಲೋ, ಹೇಳ್ಲಿಕ್ಕ ಬರಂಗಿಲ್ಲ.”

ಲಾಲಮ್ಮ ಸೆರಗು ಸೊಂಟಕ್ಕೆ ಬಿಗಿದಳು. “ಎಬ್ಬಿಸು.”

ಹಾರೆ ಕಲ್ಲಿನ ಸಂದಿಗೆ ಹೋಯಿತು. ಸುರೇಶ, ಟ್ರ್ಯಾಕ್ಟರಿನವ, ಲಾಲಮ್ಮ, ನಾನು ಬೆರಳು ತೂರಿಸಿದೆವು. ಕಲ್ಲು ಮಣ್ಣು ಬಿಟ್ಟು ಮೊಣಕಾಲೆತ್ತರ ಬಂದಿರಬೇಕು, ಚಟ್ ಎಂದಿತು. ಅಂಚಿನ ಪಟ್ಟಿ ಕಳಚಿ ಕೆಳಗೆ ಬಿದ್ದು ಚೂರಾಯಿತು. ಉಳಿದದ್ದನ್ನು ಹಗೂರಕ್ಕೆ ಗೋಡೆಗೆ ಆನಿಸಿದೆವು. ನಡುವಿನ ಸಾಲು ಉಳಿದಿತ್ತು, ಸುರೇಶನದೂ.

“ಅಕ್ಕಾ, ನಿಂದು ಹೋಯ್ತಲ್ಲ” ಎಂದ ಸುರೇಶ.

“ಹೋಗ್ಲಿ ಬಿಡೋ. ನಾ ಅದೀನಲ್ಲ.”

ಸೇಡಂನ ಮನೆ ಮಹಡಿಯ ಮೇಲಿದೆ. ಆ ಇಕ್ಕಟ್ಟು ಮೆಟ್ಟಿಲಲ್ಲಿ ಕಲ್ಲು ಹತ್ತದು. ಲಾಲಮ್ಮ ಗೆರೆಗಳೊಳಗಿನ ಮಣ್ಣನ್ನು ಉಗುರಿನಿಂದ ತೆಗೆಯುತ್ತ ನನ್ನ ಕಡೆ ತಿರುಗಿದಳು.

“ತಂಗಿ, ಹೊಸಾ ಮನಿ ಆಗೋತನಕ ಇದನ್ನ ನಿಮ್ಮ ಅಂಗಳದಾಗ ಇಟ್ಕೋತೀಯೇನವ್ವಾ? ನಳದ ಹತ್ತಿರ ಮಾತ್ರ ಬ್ಯಾಡ. ಛಲೋ ಕಲ್ಲು ಕಂಡ್ರ ನಮ್ಮ ಓಣಿ ಹೆಣ್ಮಕ್ಕಳು ಬಿಡಂಗಿಲ್ಲ. ಯಾರಿಗೂ ಇದರ ಮ್ಯಾಲ ಅರಿವಿ ಒಗಿಲಿಕ್ಕ ಕೊಡಬ್ಯಾಡ.”